ಯಂತ್ರಕ್ಕೆ ಕಣ್ಣು ಬಂದ ಕಥೆ

ನವೆಂಬರ್ ತಿಂಗಳ ಮೊದಲನೆಯ ದಿನ ನಮಗೆ ರಾಜ್ಯೋತ್ಸವ. ಪಕ್ಕದ ಮನೆಯ ಮಲೆಯಾಳಿ ಮಿತ್ರರಿಗೆ ಅದೇ ದಿನ ಕೇರಳಪ್ಪಿರವಿ. 1956ರಲ್ಲಿ ಒಂದೇ ಕಾಯಿದೆಯಿಂದ, ಒಂದೇ ದಿನ, ಎರಡು ನಾಡುಗಳೂ ಹೊಸ ರೂಪ ತಾಳಿದುವು. ಕಾಸರಗೋಡು ಅಂದು ಗಡಿಯ ಈಚೆಗೆ ಬಂದ ನೋವನ್ನು ನಾವು ಮರೆತಿಲ್ಲ. ಆದರೂ ತಿರುವನಂತಪುರದಲ್ಲಿಯೂ ಕೊಚ್ಚಿಯಲ್ಲಿಯೂ ನೆಲೆಸಿರುವ ನಮಗೆ, ನಾವು ಹಬ್ಬ ಮಾಡುವ ದಿನವೇ ಬೀದಿಯೆಲ್ಲ ಹಬ್ಬದ ಉಡುಗೆಯಲ್ಲಿರುವುದನ್ನು ಕಾಣುವ ಭಾಗ್ಯವುಂಟು.

ಇಂಥ ಸ್ಮರಣ ಸಂಚಿಕೆಗಳಲ್ಲಿ ಕದಂಬರನ್ನು, ಪಂಪನನ್ನು, ವಿಜಯನಗರವನ್ನು ನೆನೆಯುವುದು ವಾಡಿಕೆ. ಅದು ತಕ್ಕುದೇ. ಆದರೆ ಈ ಸಲ ನಾವು ತೀರ ಹತ್ತಿರದ ಒಂದು ಚರಿತ್ರೆಯನ್ನು ಹೇಳಲು ಹೊರಟಿದ್ದೇವೆ. ಹಿಂದೆ ಕನ್ನಡನಾಡಿನಿಂದ ಈ ಕಡೆಗೆ ಬಂದವರು ದೇವಸ್ಥಾನದ ಪೂಜೆಗೆ ಬಂದರು, ಹೋಟೆಲು ಇಡಲು ಬಂದರು, ಬ್ಯಾಂಕಿನ ವರ್ಗಾವಣೆಯಿಂದ ಬಂದರು. ಈಗಿನ ತರುಣರು ಕಳಕ್ಕೂಟಂಗೆ ಗಣಕಯಂತ್ರದ ಕೆಲಸಕ್ಕೆ ಬರುತ್ತಾರೆ. ಊರಿನಲ್ಲಿ ಅಜ್ಜಿಯೊಬ್ಬಳು “ಮೊಮ್ಮಗ ಅಲ್ಲಿ ಏನು ಮಾಡುತ್ತಾನೆ?” ಎಂದು ಕೇಳಿದರೆ, ಹಲವು ಮನೆಗಳಲ್ಲಿ ಸರಿಯಾದ ಉತ್ತರ “ಯಂತ್ರಕ್ಕೆ ಚಿತ್ರ ನೋಡುವುದನ್ನು ಕಲಿಸುತ್ತಾನೆ” ಎಂಬುದೇ ಆಗಿದೆ. ಕೇಳಿದವರಿಗೆ ನಗು ಬರಬಹುದು. ಆದರೆ ರೋಗಿಯ ಕಣ್ಣಿನ ಚಿತ್ರ, ರಸ್ತೆಯಲ್ಲಿ ಹೋಗುವವನ ಮುಖದ ಚಿತ್ರ, ಶತ್ರುವಿನ ನೌಕೆಯ ಚಿತ್ರ, ಈ ಮೂರನ್ನೂ ಈಗ ಯಂತ್ರ ನೋಡುತ್ತಿದೆ. ನೋಡಿ ಮಾತು ಹೇಳುತ್ತಿದೆ. ಆ ಮಾತನ್ನು ಎಷ್ಟು ನಂಬಬೇಕು? ಇದರ ಚರಿತ್ರೆಯನ್ನು ತಿಳಿದರೆ ಉತ್ತರದ ದಾರಿ ಕಂಡೀತು.

ರಾಜ್ಯಗಳು ಹುಟ್ಟಿದ ಮರುವರ್ಷ, ಅಂದರೆ 1957ರಲ್ಲಿ, ಅಮೆರಿಕದ ರಸೆಲ್ ಕಿರ್ಷ್ ಎಂಬ ವಿಜ್ಞಾನಿ ಮೂರು ತಿಂಗಳ ತನ್ನ ಮಗುವಿನ ಛಾಯಾಚಿತ್ರವನ್ನು ಗಣಕಯಂತ್ರಕ್ಕೆ ಊಡಿಸಿದನು. ಅಡ್ಡಕ್ಕೆ 176, ಉದ್ದಕ್ಕೆ 176 ಚುಕ್ಕಿಗಳು, ಒಟ್ಟು 30,976. ಒಂದೊಂದು ಚುಕ್ಕಿಯೂ ಯಂತ್ರಕ್ಕೆ ಒಂದು ಅಂಕೆ ಮಾತ್ರ. ನಮಗೆ ಕಾಣುವ ಮಗುವಿನ ಮುಖ ಯಂತ್ರಕ್ಕೆ ಕಾಣುವುದಿಲ್ಲ. ಅದರ ಎದುರಿಗೆ ಇರುವುದು ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಂಥ ಅಂಕೆಗಳ ಸಾಲು. ಅಕ್ಕಪಕ್ಕದ ಎರಡು ಅಂಕೆಗಳ ನಡುವೆ ಥಟ್ಟನೆ ವ್ಯತ್ಯಾಸ ಬಂದರೆ ಅಲ್ಲಿ ಒಂದು ಅಂಚು ಇದೆಯೆಂದು ಲೆಕ್ಕ. ಅಂಚುಗಳು ಕೂಡಿ ಆಕಾರ. ಆಕಾರಗಳು ಕೂಡಿ ವಸ್ತು. ಮುಂದಿನ ವಿದ್ಯೆಯೆಲ್ಲವೂ ಈ ಕೂಡಿಸಿ ಕಳೆಯುವುದರಿಂದಲೇ ಬೆಳೆಯಿತು.

ಇನ್ನು ನಮ್ಮ ಬಳಿಗೆ ಬರೋಣ. ಕಳಕ್ಕೂಟಂನಿಂದ ಕೆಲವೇ ಮೈಲಿ ದೂರದಲ್ಲಿ ತುಂಬಾ ಎಂಬ ಬೆಸ್ತರ ಹಳ್ಳಿ. ಭೂಮಿಯ ಕಾಂತೀಯ ಮಧ್ಯರೇಖೆ ಅದರ ಸಮೀಪದಲ್ಲಿ ಹಾದುಹೋಗುವುದರಿಂದ ಅಲ್ಲಿ ರಾಕೆಟ್ಟಿನ ನೆಲೆಯಾಯಿತು. ಹಳ್ಳಿಯ ಇಗರ್ಜಿಯೇ ಮೊದಲ ಕಚೇರಿಯಾಯಿತು. 1963ರ ನವೆಂಬರ್ 21ರ ಸಂಜೆ ಅಲ್ಲಿಂದ ಹಾರಿದ ಮೊದಲನೆಯ ರಾಕೆಟ್ಟು ಮುಗಿಲಿನಲ್ಲಿ ಸೋಡಿಯಂ ಆವಿಯನ್ನು ಬಿಟ್ಟಿತು. ಮುಳುಗಿದ ಸೂರ್ಯನ ಬೆಳಕು ಅಷ್ಟು ಎತ್ತರದಲ್ಲಿ ಇನ್ನೂ ಇದ್ದುದರಿಂದ ಆ ಮೋಡ ಹೊಂಬಣ್ಣದಿಂದ ಬೆಳಗಿತು. ಜನ ಬೆರಗಾಗಿ ನೋಡಿದರು. ವಿಜ್ಞಾನಿಗಳಿಗೆ ಬೇಕಾಗಿದ್ದುದು ಅದರ ಛಾಯಾಚಿತ್ರ. ಬೇರೆ ಬೇರೆ ಸ್ಥಳಗಳಿಂದ ತೆಗೆದ ಚಿತ್ರಗಳನ್ನು ಹೋಲಿಸಿದರೆ ಮೋಡ ಯಾವ ಕಡೆಗೆ ಎಷ್ಟು ಸರಿಯಿತೆಂಬುದು ತಿಳಿದು, ಮೇಲಿನ ಗಾಳಿಯ ವೇಗ ದೊರೆಯುತ್ತದೆ. ಚಿತ್ರ ಬರಿಯ ನೆನಪಿನ ವಸ್ತುವಲ್ಲ, ಅಳತೆಯ ಸಾಧನವೆಂಬ ಪಾಠ ಈ ಕಡಲತೀರಕ್ಕೆ ಹೀಗೆ ಬಂದಿತು.

ಎರಡನೆಯ ಪಾಠವನ್ನು ಕಲಿಸಿದ್ದು ತೆಂಗಿನಮರ. ತಿರುವಾಂಕೂರಿನ ತೋಟಗಳಲ್ಲಿ ಬೇರು ಸೊರಗು ರೋಗವೆಂಬುದು 1882ರ ದೊಡ್ಡ ನೆರೆಯ ಬಳಿಕ ಕಾಣಿಸಿಕೊಂಡಿತೆನ್ನುತ್ತಾರೆ. ಮರ ಒಮ್ಮೆಲೆ ಸಾಯುವುದಿಲ್ಲ; ಗರಿ ಬಾಗಿ, ಹಳದಿಯಾಗಿ, ಫಸಲು ವರ್ಷವರ್ಷವೂ ಇಳಿಯುತ್ತದೆ. ಯಾವ ತೋಟದಲ್ಲಿ ಎಷ್ಟು ಮರಕ್ಕೆ ರೋಗ ತಗಲಿದೆಯೆಂದು ನಡೆದು ಎಣಿಸುವುದು ಯಾರಿಂದ ಸಾಧ್ಯ? 1970ರ ಸುಮಾರಿಗೆ ಪಿ. ಆರ್. ಪಿಷಾರಟಿಯವರು ಇದಕ್ಕೊಂದು ಉಪಾಯ ಮಾಡಿದರು. ಕೇರಳದ ಕೊಲ್ಲಂಗೋಡಿನವರಾದ ಇವರು ತರುಣರಾಗಿದ್ದಾಗ ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಬಳಿ ಸಂಶೋಧನೆ ಮಾಡಿದವರು. ಹೆಲಿಕಾಪ್ಟರಿನಿಂದ ತೋಟಗಳ ಮೇಲೆ ಹಾರಿ, ಅವಕೆಂಪು ಕಿರಣಗಳನ್ನು ಹಿಡಿಯುವ ಫಿಲಮಿನಲ್ಲಿ ಚಿತ್ರ ತೆಗೆಸಿದರು. ಆರೋಗ್ಯವಾದ ಎಲೆ ಈ ಕಿರಣವನ್ನು ಬಹಳವಾಗಿ ಹಿಂದಿರುಗಿಸುತ್ತದೆ. ಅಂಥ ಫಿಲಮಿನಲ್ಲಿ ಅದು ಕೆಂಪಾಗಿ ಕಾಣುತ್ತದೆ. ಸೊರಗಿದ ಎಲೆಯ ಬಣ್ಣ ಬೇರೆ. ಭಾರತದಲ್ಲಿ ದೂರಸಂವೇದನೆಯೆಂಬ ವಿದ್ಯೆಗೆ ಇದೇ ಶ್ರೀಕಾರ.

ಈ ಪ್ರಯೋಗದ ಒಂದು ಅಂಶವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮೇಲಿನಿಂದ ಕಂಡ ಬಣ್ಣಕ್ಕೆ ತಾನಾಗಿ ಯಾವ ಅರ್ಥವೂ ಇಲ್ಲ. ಯಾರಾದರೂ ತೋಟಕ್ಕೆ ಇಳಿದು, ಚಿತ್ರದ ಈ ಚುಕ್ಕಿ ನೆಲದ ಆ ಮರವೇ ಎಂದು ಗುರುತಿಸಿ, ಅದು ನಿಜವಾಗಿ ರೋಗದ ಮರವೇ ಎಂದು ನೋಡಿದ ಮೇಲೆ ಮಾತ್ರ ಬಣ್ಣ ಮಾತನಾಡುತ್ತದೆ. ಇದಕ್ಕೆ ಆ ಶಾಸ್ತ್ರದವರು ‘ನೆಲದ ನಿಜ’ವೆಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ಮರವನ್ನು ಬಲ್ಲ ಮನುಷ್ಯನಿಲ್ಲದಿದ್ದರೆ ಹೆಲಿಕಾಪ್ಟರೂ ವ್ಯರ್ಥ, ಫಿಲಮೂ ವ್ಯರ್ಥ. ತೆಂಗನ್ನು ಬಲ್ಲವರ ದೊಡ್ಡ ಮನೆ ನಮ್ಮ ಕಾಸರಗೋಡಿನಲ್ಲಿಯೇ ಇದೆಯೆಂಬುದು ನಮಗೆ ಹೆಮ್ಮೆಯ ಸಂಗತಿ; ಮದರಾಸು ಸರ್ಕಾರ 1916ರಲ್ಲಿ ಅಲ್ಲಿ ತೆರೆದ ತೆಂಗಿನ ಸಂಶೋಧನಾ ಕೇಂದ್ರವೇ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು.

ಹೆಲಿಕಾಪ್ಟರಿನಿಂದ ಉಪಗ್ರಹಕ್ಕೆ ಏರಿದ ಕಥೆ ಬೆಂಗಳೂರಿನದು. ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾಯರು ಪೀಣ್ಯದ ತಗಡಿನ ಶೆಡ್ಡುಗಳಲ್ಲಿ ಆರ್ಯಭಟವನ್ನು ಕಟ್ಟಿಸಿದರು; 1975ರ ಏಪ್ರಿಲ್ 19ರಂದು ಅದು ಬಾನಿಗೇರಿತು. 1979ರ ಜೂನಿನಲ್ಲಿ ಹೋದ ಭಾಸ್ಕರಕ್ಕೆ ಎರಡು ಟೆಲಿವಿಷನ್ ಕ್ಯಾಮೆರಾಗಳಿದ್ದುವು. ಅದರ ಯೋಜನೆಯ ಹೊಣೆ ಹೊತ್ತವರು ಎರ್ನಾಕುಲಂನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬಾಳಿದ ಕೆ. ಕಸ್ತೂರಿರಂಗನ್ನರು. ಭಾಸ್ಕರದ ಕಣ್ಣಿಗೆ ಒಂದು ಕಿಲೋಮೀಟರಿನಷ್ಟು ಅಗಲದ ನೆಲ ಒಂದು ಚುಕ್ಕಿ. 1988ರ ಮಾರ್ಚಿ 17ರಂದು ಹಾರಿದ ಐ.ಆರ್.ಎಸ್.-1ಎ ಉಪಗ್ರಹಕ್ಕೆ 36 ಮೀಟರಿನಷ್ಟರ ನೆಲವೂ ಬಿಡಿಯಾಗಿ ಕಂಡಿತು.

ಇಲ್ಲಿ ಒಂದು ತೊಡಕು ಹುಟ್ಟಿತು. ಹೆಲಿಕಾಪ್ಟರು ತಂದ ಚಿತ್ರಗಳನ್ನು ನಾಲ್ಕು ಜನ ಮೇಜಿನ ಮೇಲೆ ಹರಡಿ ನೋಡಬಹುದು. ಹಗಲಿರುಳೂ ಸುತ್ತುವ ಉಪಗ್ರಹ ಸುರಿಯುವ ಚಿತ್ರಗಳಿಗೆ ಎಷ್ಟು ಕಣ್ಣುಗಳಿದ್ದರೂ ಸಾಲವು. ಆಗ ನೋಡುವ ಕೆಲಸವನ್ನೇ ಯಂತ್ರಕ್ಕೆ ಒಪ್ಪಿಸಬೇಕಾಯಿತು. “ಇದು ಭತ್ತದ ಗದ್ದೆ, ಇದು ಕಾಡು, ಇದು ಕೆರೆ” ಎಂದು ಗೊತ್ತಿರುವ ಕೆಲವು ತಾಕುಗಳನ್ನು ಮೊದಲು ತೋರಿಸುವುದು. ಅವುಗಳ ಅಂಕೆಗಳನ್ನು ಯಂತ್ರ ನೆನಪಿಟ್ಟುಕೊಂಡು, ಉಳಿದ ನೆಲವನ್ನು ತಾನೇ ವಿಂಗಡಿಸುವುದು. ಬಳ್ಳದಲ್ಲಿ ಅಳೆದು ಕಣಜದ ಲೆಕ್ಕ ಹೇಳುವ ನಮ್ಮ ರೈತನ ವಿಧಾನವೇ ಇದು. ಬಳ್ಳ ಸರಿಯಿದ್ದರೆ ಕಣಜದ ಲೆಕ್ಕವೂ ಸರಿ. ಬಳ್ಳವೇ ಒಡೆದಿದ್ದರೆ ಕಣಜವೂ ಸುಳ್ಳು.

ಕೊಚ್ಚಿಯಲ್ಲಿ ಇನ್ನೊಂದು ಬಗೆಯ ಚಿತ್ರದ ಕೆಲಸ ನಡೆಯುತ್ತಿತ್ತು. 1952ರಲ್ಲಿ ನೌಕಾಪಡೆಯ ಸಣ್ಣ ಪ್ರಯೋಗಶಾಲೆಯಾಗಿ ಹುಟ್ಟಿ, ಈಗ ತೃಕ್ಕಾಕ್ಕರದಲ್ಲಿರುವ ಭೌತ ಮತ್ತು ಸಾಗರ ಪ್ರಯೋಗಾಲಯದ ವಿದ್ಯೆ ಸೋನಾರ್. ನೀರಿನೊಳಗೆ ಬೆಳಕು ದೂರ ಹೋಗದು, ಧ್ವನಿ ಹೋಗುತ್ತದೆ. ಧ್ವನಿಯನ್ನು ಕಳುಹಿಸಿ, ಮಾರ್ದನಿಯನ್ನು ಹಿಡಿದು, ಅದನ್ನು ತೆರೆಯ ಮೇಲೆ ಚಿತ್ರವಾಗಿಸಿ, ಕಾಣುವ ಗೆರೆ ಜಲಾಂತರ್ಗಾಮಿಯದೋ ಬಂಡೆಯದೋ ಎಂದು ತಿಳಿಯಬೇಕು. ಕಡಲು ಮೌನದ ಜಾಗವೂ ಅಲ್ಲ. ಅಲ್ಲಿ ಚಿಟಿಕೆ ಹೊಡೆದಂತೆ ಸದ್ದು ಮಾಡುವ ಸಿಗಡಿಗಳೇ ಉಂಟು. ಆ ಗದ್ದಲದಲ್ಲಿ ಶತ್ರುವಿನ ಯಂತ್ರದ ಸದ್ದನ್ನು ಹೆಕ್ಕುವುದೆಂದರೆ ಜಾತ್ರೆಯಲ್ಲಿ ಮಗುವಿನ ಕೂಗನ್ನು ಹೆಕ್ಕಿದಂತೆ. ನಮ್ಮ ನೌಕೆಗಳಿಗೆ ದೇಶೀಯವಾದ ‘ಅಪ್ಸೋ’ ಸೋನಾರನ್ನು 1980ರ ದಶಕದ ಆರಂಭದ ಹೊತ್ತಿಗೆ ಇಲ್ಲಿ ಸಿದ್ಧಪಡಿಸಿದ ತಂಡಕ್ಕೆ ನಾಯಕರಾದವರು ನೌಕಾಪಡೆಯ ಅಧಿಕಾರಿ ಎ. ಪೌಲ್‌ರಾಜರು. 1986ರಲ್ಲಿ ರಕ್ಷಣಾ ಇಲಾಖೆಯವರು ಕೃತಕ ಬುದ್ಧಿ ಮತ್ತು ಯಂತ್ರಮಾನವ ವಿದ್ಯೆಗಾಗಿ ಬೆಂಗಳೂರಿನಲ್ಲಿ ಒಂದು ಕೇಂದ್ರವನ್ನು ತೆರೆದಾಗ ಅದರ ಮೊದಲ ನಿರ್ದೇಶಕರೂ ಇವರೇ. ಕೊಚ್ಚಿಯ ನೀರಿನಲ್ಲಿ ಕಲಿತ ವಿದ್ಯೆ ಹೀಗೆ ಬೆಂಗಳೂರಿಗೆ ಹತ್ತಿತು.

ವೈದ್ಯದ ಕಡೆಗೆ ನೋಡಿದರೆ, 1895ರಲ್ಲಿ ರಂಟ್‌ಗೆನ್ ಕ್ಷ-ಕಿರಣವನ್ನು ಕಂಡುಹಿಡಿದಂದಿನಿಂದ ವೈದ್ಯರು ದೇಹದ ಒಳಚಿತ್ರವನ್ನು ನೋಡುತ್ತಲೇ ಬಂದಿದ್ದಾರೆ. 1971ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರ ರೋಗಿಯೊಬ್ಬರ ಮೆದುಳಿನ ಅಡ್ಡಪದರವನ್ನು ತೋರಿಸಿತು. ಆ ಚಿತ್ರವನ್ನು ಬೆಳಕು ಬರೆಯಲಿಲ್ಲ, ಗಣಕಯಂತ್ರ ಲೆಕ್ಕ ಹಾಕಿ ಬರೆಯಿತು. ತಿರುವನಂತಪುರದಲ್ಲಿ 1976ರಲ್ಲಿ ರೋಗಿಗಳಿಗೆ ಬಾಗಿಲು ತೆರೆದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಹೃದಯ ಮತ್ತು ಮೆದುಳಿನ ರೋಗಗಳಿಗೆ ಹೆಸರಾಯಿತು. ಒಂದೇ ಆವರಣದಲ್ಲಿ ಇಂಜಿನಿಯರನ್ನೂ ವೈದ್ಯನನ್ನೂ ಕೂಡಿಸಿದರೆ ಮಾತ್ರ ದೇಶೀಯ ಉಪಕರಣಗಳು ಹುಟ್ಟುತ್ತವೆಂದು ಅಲ್ಲಿ ತೋರಿಸಿದ ಎಂ. ಎಸ್. ವಲಿಯತ್ತಾನರು 1990ರ ದಶಕದಲ್ಲಿ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು. 2024ರಲ್ಲಿ ಮಣಿಪಾಲದಲ್ಲಿಯೇ ತೀರಿಕೊಂಡರು. ನಾವು ಅತ್ತಣಿಂದ ಇತ್ತ ಬಂದರೆ, ಅವರು ಇತ್ತಣಿಂದ ಅತ್ತ ಹೋದರು.

ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಆರಂಭಿಸಿದ ಕೆಲಸವನ್ನು ಇಲ್ಲಿ ಹೇಳಲೇಬೇಕು. ತಿಂಗಳು ತುಂಬದೆ ಹುಟ್ಟಿದ ಶಿಶುಗಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು ದೃಷ್ಟಿಯೇ ಹೋಗುವುದುಂಟು. ಕೆಲವೇ ದಿನಗಳೊಳಗೆ ಕಂಡುಹಿಡಿದರೆ ಕಣ್ಣು ಉಳಿಯುತ್ತದೆ. ಆದರೆ ಜಿಲ್ಲೆಯ ಊರುಗಳಲ್ಲಿ ಆ ವಿದ್ಯೆಯ ವೈದ್ಯರೆಲ್ಲಿ? ತರಬೇತಿ ಪಡೆದ ಸಹಾಯಕರು ಕ್ಯಾಮೆರಾ ಹೊತ್ತು ಊರೂರಿನ ಹೆರಿಗೆಯ ಆಸ್ಪತ್ರೆಗೆ ಹೋಗಿ, ಶಿಶುವಿನ ಕಣ್ಣಿನ ಚಿತ್ರ ತೆಗೆದು ಕಳುಹಿಸುವುದು. ಬೆಂಗಳೂರಿನ ವೈದ್ಯರು ಅದನ್ನು ನೋಡಿ ಚಿಕಿತ್ಸೆ ಬೇಕೇ ಬೇಡವೇ ಎಂದು ಹೇಳುವುದು. ತೀರ್ಪು ಹೇಳಿದ್ದು ಯಂತ್ರವಲ್ಲ, ವೈದ್ಯರು; ಯಂತ್ರ ಮಾಡಿದ್ದು ದೂರವನ್ನು ಅಳಿಸುವ ಕೆಲಸ.

ತೀರ್ಪನ್ನೂ ಯಂತ್ರಕ್ಕೆ ಕಲಿಸುವ ಪ್ರಯತ್ನದಲ್ಲಿ 2016 ಒಂದು ಮೈಲಿಗಲ್ಲು. ಸಕ್ಕರೆ ಕಾಯಿಲೆಯಿಂದ ಕಣ್ಣಿಗೆ ಬರುವ ಕೇಡನ್ನು ಗುರುತಿಸಲು ಗೂಗಲ್ ಕಂಪನಿಯ ಸಂಶೋಧಕರು 1,28,175 ಚಿತ್ರಗಳನ್ನು ಗಣಕಯಂತ್ರಕ್ಕೆ ತೋರಿಸಿದರು. ಅವುಗಳಲ್ಲಿ ಮಧುರೆಯ ಅರವಿಂದ, ಚೆನ್ನೈಯ ಶಂಕರ ನೇತ್ರಾಲಯ, ಬೆಂಗಳೂರಿನ ನಾರಾಯಣ ನೇತ್ರಾಲಯಗಳಿಂದ ಹೋದ ಚಿತ್ರಗಳೂ ಇದ್ದುವು. 54 ಮಂದಿ ನೇತ್ರವೈದ್ಯರು ಒಂದೊಂದು ಚಿತ್ರವನ್ನೂ ಮೂರರಿಂದ ಏಳು ಸಲ ನೋಡಿ ಗುರುತು ಹಾಕಿದ್ದರು. ಯಂತ್ರ ಉತ್ತರ ಹೇಳುವುದು, ತಪ್ಪಿದರೆ ಅದರ ಒಳಗಿನ ಲೆಕ್ಕವನ್ನು ಕೂದಲೆಳೆಯಷ್ಟು ತಿದ್ದುವುದು, ಮತ್ತೆ ತೋರಿಸುವುದು, ಮಗ್ಗಿ ಕಲಿಸಿದಂತೆಯೇ. ಕೊನೆಗೆ ಅದು ಪಳಗಿದ ವೈದ್ಯರಿಗೆ ಸಮನಾಗಿ ಹೇಳಿತು. ಆದರೆ ಅದೇ ವಿದ್ಯೆಯನ್ನು ಥಾಯ್ಲೆಂಡಿನ ಹಳ್ಳಿಯ ಕಡೆಯ ಚಿಕಿತ್ಸಾಲಯಗಳಿಗೆ ಒಯ್ದಾಗ, ಐದರಲ್ಲಿ ಒಂದರಷ್ಟು ಚಿತ್ರಗಳನ್ನು ಯಂತ್ರ “ತಿಳಿಯುತ್ತಿಲ್ಲ” ಎಂದು ಹಿಂದಿರುಗಿಸಿತು. ಅಲ್ಲಿನ ಕೋಣೆಗಳ ಬೆಳಕು ಬೇರೆಯಾಗಿತ್ತು, ಅಷ್ಟೆ. ಪ್ರಯೋಗಶಾಲೆಯ ಬಳ್ಳ ಹಳ್ಳಿಯ ಕಣಜಕ್ಕೆ ಹೊಂದಲಿಲ್ಲ.

ಈಗ ಕಳಕ್ಕೂಟಂ. ಇಲ್ಲಿನ ಸೈನಿಕ ಶಾಲೆ ಹುಟ್ಟಿದ್ದು 1962ರಲ್ಲಿ. 1990ರಲ್ಲಿ, ಕೆಲ್ಟ್ರಾನನ್ನು ಕಟ್ಟಿದ ಕೆ. ಪಿ. ಪಿ. ನಂಬಿಯಾರರ ಕನಸಿನಂತೆ, ದೇಶದ ಮೊದಲ ತಂತ್ರಜ್ಞಾನದ ಉದ್ಯಾನವಾಗಿ ಟೆಕ್ನೋಪಾರ್ಕ್ ಸ್ಥಾಪನೆಯಾಯಿತು. ಅದರೊಳಗೆ 2000ದಲ್ಲಿ ಹುಟ್ಟಿದ ಮಾಹಿತಿ ತಂತ್ರಜ್ಞಾನದ ವಿದ್ಯಾಸಂಸ್ಥೆಯೇ 2020ರಲ್ಲಿ ಕೇರಳದ ಡಿಜಿಟಲ್ ವಿಶ್ವವಿದ್ಯಾಲಯವಾಗಿ, ಸಮೀಪದ ಮಂಗಲಪುರಂನಲ್ಲಿ ನೆಲೆಸಿದೆ. ರಾಕೆಟ್ಟಿನ ತುಂಬಾ ಒಂದು ಕಡೆ, ಶ್ರೀ ಚಿತ್ರಾದ ಆಸ್ಪತ್ರೆ ಇನ್ನೊಂದು ಕಡೆ. ನಡುವೆ ಈ ಊರು. ಚಿತ್ರವನ್ನು ನೋಡುವ ವಿದ್ಯೆ ಇಲ್ಲಿ ಬೇರೂರಿದ್ದು ಆಕಸ್ಮಿಕವಲ್ಲ.

ಆ ವಿದ್ಯೆ ಈಗ ನಮ್ಮ ದಿನದಿನದ ಬದುಕಿಗೂ ಇಳಿದಿದೆ. ಕೇರಳದ ರಸ್ತೆಗಳಲ್ಲಿ ಕೆಲ್ಟ್ರಾನಿನವರು ನಿಲ್ಲಿಸಿದ 726 ಕ್ಯಾಮೆರಾಗಳ ಯೋಜನೆಯಲ್ಲಿ 2023ರ ಜೂನ್ 5ರಿಂದ ದಂಡ ಹಾಕುವುದು ಮೊದಲಾಯಿತು. ಹೆಲ್ಮೆಟ್ಟಿಲ್ಲದ ತಲೆಯನ್ನು, ಪಟ್ಟಿ ಬಿಗಿಯದ ಎದೆಯನ್ನು ಯಂತ್ರವೇ ಆರಿಸುತ್ತದೆ. ಆದರೂ ನೋಟೀಸು ಹೊರಡುವುದು ಮನುಷ್ಯನೊಬ್ಬ ಚಿತ್ರ ನೋಡಿ ಒಪ್ಪಿದ ಮೇಲೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ 2022ರ ಡಿಸೆಂಬರಿನಿಂದ, ಕೊಚ್ಚಿಯಲ್ಲಿ ಮರುವರ್ಷದಿಂದ, ಒಪ್ಪಿದವರು ಮುಖವನ್ನೇ ತೋರಿಸಿ ಒಳಗೆ ಹೋಗಬಹುದು.

ಹೊರನಾಡಿನಲ್ಲಿರುವ ನಮಗೆ ಈ ವಿಷಯ ಉಳಿದವರಿಗಿಂತ ಒಂದು ಪಾಲು ಹೆಚ್ಚಾಗಿ ತಟ್ಟುತ್ತದೆ. ಹುಟ್ಟಿದ ಊರಿನಲ್ಲಿ ನಮ್ಮನ್ನು ಗುರುತಿಸಲು ಕಾಗದ ಬೇಕಿಲ್ಲ. “ಇವನು ಇಂಥವರ ಮಗ” ಎನ್ನಲು ಅಂಗಡಿಯವನಿದ್ದಾನೆ, ಮೇಷ್ಟರಿದ್ದಾರೆ, ದೇವಸ್ಥಾನದ ಭಟ್ಟರಿದ್ದಾರೆ. ವಲಸೆ ಬಂದವನಿಗೆ ಆ ಸಾಕ್ಷಿಗಳಿಲ್ಲ. ಅವನ ಪಾಲಿಗೆ ಕಾಗದವೇ ಸಾಕ್ಷಿ, ಇನ್ನು ಮೇಲೆ ಚಿತ್ರವೇ ಸಾಕ್ಷಿ. ಅದು ತಪ್ಪಿ ನುಡಿದರೆ ಅಲ್ಲಗಳೆಯಲು ಯಾರನ್ನು ಕರೆಯಬೇಕು? ತಪ್ಪುವುದಿಲ್ಲವೆಂದು ಹೇಳುವಂತಿಲ್ಲ. ಮುಖದ ಚಿತ್ರದಿಂದ ಗಂಡೋ ಹೆಣ್ಣೋ ಎಂದು ಹೇಳುವ ಮೂರು ಕಂಪನಿಗಳ ಯಂತ್ರಗಳನ್ನು 2018ರಲ್ಲಿ ಅಮೆರಿಕದ ಇಬ್ಬರು ಸಂಶೋಧಕಿಯರು ಪರೀಕ್ಷಿಸಿದಾಗ, ಬಿಳಿಯ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ನೂರಕ್ಕೆ ಒಂದನ್ನು ಮುಟ್ಟಲಿಲ್ಲ. ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ ನೂರಕ್ಕೆ 34ನ್ನು ದಾಟಿತು. ಕಲಿಸಲು ಬಳಸುವ ಚಿತ್ರಗಳಲ್ಲಿ ಅಂಥ ಮುಖಗಳು ಕಡಮೆಯಾಗಿರುವುದು ಇಂಥ ತಪ್ಪುಗಳಿಗೆ ದೊಡ್ಡ ಕಾರಣ. 2020ರ ಜನವರಿಯಲ್ಲಿ ಒಬ್ಬ ಗೃಹಸ್ಥನನ್ನು, ಯಂತ್ರವು ಹೊಂದಿಸಿದ ಮುಖವನ್ನು ನಂಬಿ, ಹೆಂಡತಿ ಮಕ್ಕಳ ಎದುರಿಗೆ ಡೆಟ್ರಾಯಿಟ್ ನಗರದ ಪೋಲೀಸರು ಹಿಡಿದೊಯ್ದರು. ಅವನು ಕಳ್ಳನಾಗಿರಲಿಲ್ಲ. ಯಂತ್ರದ ಮಾತೊಂದನ್ನೇ ನಂಬಿ ಯಾರನ್ನೂ ಬಂಧಿಸಕೂಡದೆಂಬ ಕಟ್ಟಳೆಗೆ ಆ ನಗರ ಒಪ್ಪಿದ್ದು 2024ರಲ್ಲಿ.

ಯುದ್ಧದಲ್ಲಿ ತಪ್ಪಿದರೆ ತಿದ್ದಿಕೊಳ್ಳಲು ನಾಲ್ಕು ವರ್ಷ ಎಲ್ಲಿಂದ ಬರಬೇಕು? 1983ರ ಸೆಪ್ಟೆಂಬರ್ 26ರ ರಾತ್ರಿ ಸೋವಿಯತ್ ದೇಶದ ಎಚ್ಚರಿಕೆಯ ಉಪಗ್ರಹವ್ಯವಸ್ಥೆ ಅಮೆರಿಕದಿಂದ ಐದು ಕ್ಷಿಪಣಿಗಳು ಹೊರಟಿವೆಯೆಂದು ವರದಿ ಮಾಡಿತು. ಕಾವಲಿನಲ್ಲಿದ್ದ ಅಧಿಕಾರಿ ಸ್ತಾನಿಸ್ಲಾವ್ ಪೆಟ್ರೋವ್ ಅದನ್ನು ನಂಬಲಿಲ್ಲ. ನಿಜವಾಗಿ ಯುದ್ಧ ಹೂಡುವವರು ಐದೇ ಕ್ಷಿಪಣಿ ಬಿಡುವರೇ ಎಂದು ಯೋಚಿಸಿ, ಸುಳ್ಳು ಎಚ್ಚರಿಕೆಯೆಂದು ಮೇಲಿನವರಿಗೆ ತಿಳಿಸಿದನು. ಎತ್ತರದ ಮೋಡಗಳಿಂದ ಹೊಳೆದ ಸೂರ್ಯನ ಬೆಳಕನ್ನು ಉಪಗ್ರಹ ಬೆಂಕಿಯೆಂದು ಬಗೆದಿತ್ತು. ತೆಂಗಿನ ಮರದ ಬುಡಕ್ಕೆ ಇಳಿದು ನೋಡಬಹುದು. ಶತ್ರುವಿನ ನೆಲಕ್ಕೆ ಇಳಿದು ನೋಡುವುದೆಂತು? ಅಂಥಲ್ಲಿ ನೆಲದ ನಿಜಕ್ಕೆ ಬದಲಾಗಿ ಉಳಿಯುವುದು ಮನುಷ್ಯನ ವಿವೇಕವೊಂದೇ. ಅದಕ್ಕೂ ಎಡೆಯಿಲ್ಲದಂತೆ ಯಂತ್ರವೇ ನೋಡಿ ಯಂತ್ರವೇ ಹೊಡೆಯುವ ಆಯುಧಗಳ ವಿಚಾರವಾಗಿ ವಿಶ್ವಸಂಸ್ಥೆಯಲ್ಲಿ ಚರ್ಚೆ ನಡೆಯುತ್ತಿರುವುದು ಇದಕ್ಕಾಗಿಯೇ.

ಇಷ್ಟರಿಂದ ಯಂತ್ರದ ಕಣ್ಣನ್ನು ನಾವು ಹಳಿಯುತ್ತಿದ್ದೇವೆಂದು ಯಾರೂ ತಿಳಿಯಬಾರದು. ಊರಿನಲ್ಲಿರುವ ನಮ್ಮ ತಂದೆತಾಯಿಗಳಲ್ಲಿ ಸಕ್ಕರೆ ಕಾಯಿಲೆಯಿಲ್ಲದವರು ಎಷ್ಟು ಮಂದಿ? ನೇತ್ರವೈದ್ಯರು ಕಾಲಿಡದ ಹಳ್ಳಿಗೆ ಕ್ಯಾಮೆರಾ ಹೋಗಿ, “ಈ ತಾಯಿಯನ್ನು ಬೇಗ ವೈದ್ಯರಲ್ಲಿಗೆ ಕರೆದೊಯ್ಯಿರಿ” ಎಂದು ಹೇಳುವುದಾದರೆ ಅದಕ್ಕಿಂತ ದೊಡ್ಡ ಉಪಕಾರವುಂಟೆ? ಬೇಡವೆನ್ನುವುದು ಜಾಣತನವಲ್ಲ, ಕೇಳಬೇಕಾದುದನ್ನು ಕೇಳಿ ಬರಮಾಡಿಕೊಳ್ಳುವುದು ಜಾಣತನ.

ಕೇಳಬೇಕಾದ ಪ್ರಶ್ನೆಗಳು ಮೂರು. ಈ ಯಂತ್ರ ಕಲಿತದ್ದು ಯಾರ ಚಿತ್ರಗಳಿಂದ? ಅದರಲ್ಲಿ ನಮ್ಮಂಥವರು, ನಮ್ಮ ಹಳ್ಳಿಯವರು ಇದ್ದರೇ? ಅದು ಹೇಳಿದ ಮಾತನ್ನು ಇನ್ನೊಮ್ಮೆ ನೋಡುವ ಬಲ್ಲವನೊಬ್ಬ ಇದ್ದಾನೆಯೇ? ತಪ್ಪಾಗಿದೆಯೆಂದು ಹೇಳಿಕೊಳ್ಳಲು ನಮ್ಮ ಭಾಷೆಯಲ್ಲಿ ಕೇಳುವ ಒಂದು ಕಿವಿ ಉಂಟೆ? ಕಳಕ್ಕೂಟಂನಲ್ಲಿ ಕೆಲಸಕ್ಕೆ ಹೋಗುವ ನಮ್ಮ ಮಕ್ಕಳು ಈ ಪ್ರಶ್ನೆಗಳನ್ನು ತಮ್ಮ ಮೇಜಿನ ಬಳಿಯೇ ಕೇಳಬಲ್ಲರು. ಚಿತ್ರಕ್ಕೆ “ಇದು ರೋಗ, ಇದು ಅಲ್ಲ” ಎಂದು ಗುರುತು ಹಾಕುವ ಕೆಲಸ ಬೇಸರದ್ದೆಂದು ಅವರು ಕೆಲವೊಮ್ಮೆ ಗೊಣಗುವುದನ್ನು ಕೇಳಿದ್ದೇವೆ. ಬೇಸರಪಡಬೇಕಾಗಿಲ್ಲ. ಅವರು ಹಾಕುವ ಒಂದೊಂದು ಗುರುತೂ ಬಳ್ಳಕ್ಕೆ ಹಾಕುವ ಮುದ್ರೆ. ಮುಂದೆ ಎಷ್ಟೋ ಕಣಜಗಳನ್ನು ಅಳೆಯುವುದು ಅದರಿಂದಲೇ. ಅನುಮಾನ ಬಂದಾಗ ಎದ್ದು, ಮರದ ಬುಡದ ತನಕ ಹೋಗಿ ನೋಡಿ ಬರುವ ಅಭ್ಯಾಸ ಅವರಿಗೆ ಇರಲಿ. ನಮ್ಮ ಹಿರಿಯರು ಹೊಲದಲ್ಲಿ ಮಾಡಿದ್ದೂ ಅದನ್ನೇ.